ಮುನ್ನೂರರಲ್ಲಿ ಇನ್ನೂರ ಹನ್ನೆರಡು

ಬಿಲ್ಲು ಹದಿನೆಂಟು ಸಾವಿರ. ಕೈಗೆ ಬಂದದ್ದು ಹತ್ತು.
ಬಾಕಿಗೆ ಈ ಪುಸ್ತಕ.
‘ಇನ್ನು ಸಿಕ್ಕುವುದಿಲ್ಲ ಅಬ್ಬೋನು, ಮುನ್ನೂರೇ ಪ್ರತಿ,
ಇಟ್ಟಷ್ಟೂ ಬೆಲೆ ಏರ್ತದೆ’ ಎಂದರು ಟ್ರಸ್ಟಿನ ಮೇಡಂ.
ಅಕ್ಕಿಯ ಹಾಗೆ, ಹಳತಾದಷ್ಟು ಒಳ್ಳೆಯದು ಎಂದುಕೊಂಡು
ಟಾರ್ಪಾಲಿನ ತುಂಡಿನಲ್ಲಿ ಸುತ್ತಿ
ಸ್ಕೂಟರಿನ ಕಾಲಡಿ ಇಟ್ಟು ತಂದೆ.

ಕೆಂಪು ಕಲ್ಲಿನ ಚೂರಿನಷ್ಟು ಭಾರ.
ರಟ್ಟಿಗೆ ಬೂದು ಬಟ್ಟೆ. ಕೈಯಾಡಿಸಿದರೆ ತರಿತರಿ,
ನೀರು ಕುಡಿಸದೆ ಒಣಗಿಸಿದ ಗೋಡೆಯ ಹಾಗೆ.
ಒಳಗೆ ಕೆಂಪು ಶಾಯಿಯಲ್ಲಿ ೨೧೨.
ಎವ್ಜಿನ್ ಲಸ್ರಾದೊ ಕಟ್ಟಿದ ಐವತ್ತು ವರ್ಷ
ನಮ್ಮ ಅಡುಗೆಮನೆಯ ಮೇಜಿನ ಮೇಲೆ,
ಮೀನಿನ ವಾಸನೆ ತಾಗದ ಹಾಗೆ
ಐಸಮ್ಮ ಹಾಸಿದ ಹಳೆ ಹೊದಿಕೆಯ ಮೇಲೆ.

ಪುಟ ಹದಿನೇಳು, ಕದ್ರಿ ಗುಡ್ಡೆ.
ಹಂಚಿನ ಕಾರ್ಖಾನೆಯ ಧಣಿಗೇ
ಹಂಚಿಲ್ಲದ ಮನೆ ಕಟ್ಟಿಕೊಟ್ಟ ಗಂಡಸು!
ಚಪ್ಪಟೆ ತಾರಸಿ, ಚಾಕುವಿನಲ್ಲಿ ಕೊಯ್ದಂಥ ನೆರಳು.
ಆ ಮೂಲೆ ನನಗೆ ಗೊತ್ತು,
ಜೂನ್ ಹದಿನೈದರ ಮೇಲೆ ಅಲ್ಲಿ ಬಾಲ್ದಿ ಇಡುತ್ತಾರೆ.
ಪುಟ ನಲವತ್ತು, ಬೆಂದೂರಿನ ಗ್ರಂಥಾಲಯ.
ಕಂಬವಿಲ್ಲದೆ ಗಾಳಿಯಲ್ಲಿ ನಿಂತ ಮೆಟ್ಟಿಲು.
ಅದರ ಬೆನ್ನಿನ ಪಾಚಿಯನ್ನು
ಮೂರು ಸಲ ಕೆರೆದಿದ್ದೇನೆ, ಮಲಗಿಕೊಂಡು.
ಪುಟ ಅರವತ್ತೊಂದು, ಉರ್ವದ ಬ್ಯಾಂಕ್ ಕ್ವಾರ್ಟರ್ಸು.
ಈಗ ಇಲ್ಲ. ಅಲ್ಲಿ ಹನ್ನೆರಡು ಮಾಳಿಗೆ ಎದ್ದಿದೆ,
ಕೆಳಗೆ ಚಪ್ಪಲಿ ಅಂಗಡಿ.
ಪುಸ್ತಕದಲ್ಲಿ ಅದೊಂದೇ ಸೋರದ ಕಟ್ಟಡ.

ಚಿತ್ರವೆಲ್ಲ ಡಿಸೆಂಬರಿನವು.
ಮಳೆಗಾಲವಿಲ್ಲದ ಮಂಗಳೂರು, ಇನ್ನೂರ ನಲವತ್ತು ಪುಟ!
ತಡೆಯಲಾಗಲಿಲ್ಲ.
ಕಿವಿಯ ಮೇಲಿನ ಪೆನ್ಸಿಲು ತೆಗೆದು ಗುರುತು ಹಾಕಿದೆ:
ಇಲ್ಲಿ.
ಇಲ್ಲಿ.
ಇಲ್ಲಿ, ಎರಡು ಸಲ.

ಬಲ್ಮಠದ ಕುಡ್ವ ಡಾಕ್ಟರು ಕೇಳಿಕೊಂಡು ಬಂದರು.
ಕೈಗೆ ಬಿಳಿ ಚೀಲ ಹಾಕಿಕೊಂಡೇ ತೆರೆದರು.
ಮೂವತ್ತು ಸಾವಿರ ಎನ್ನುತ್ತಿದ್ದ ಬಾಯಿ
ಪುಟ ಹದಿನೇಳಕ್ಕೆ ಮುಚ್ಚಿತು.
‘ಎಂತ ಮಾಡಿದ್ದು ಮಾರಾಯಾ!’
ರಬ್ಬರು ಹಾಕಿದರೆ ಹೋಗ್ತದೆ ಡಾಕ್ಟರೇ ಎಂದೆ.
‘ಕರಿ ಹೋದೀತು, ಗುಂಡಿ ಹೋಗುವುದಿಲ್ಲ’ ಎಂದರು.
ಅದು ಹೌದು. ಗೋಡೆಗೆ ಬರೆದು ಅಭ್ಯಾಸವಾದ ಕೈ,
ಕಾಗದಕ್ಕೆ ಮೆದುವಾಗಲು ಯಾರೂ ಕಲಿಸಲಿಲ್ಲ.

ಅವರು ಹೋದ ಮೇಲೆ ಕಂಡದ್ದು
ಹಿಂದಿನ ರಟ್ಟಿನಲ್ಲೊಂದು ಜೇಬು.
ಒಳಗೆ ನಾಲ್ಕು ಮಡಿಕೆಯ ನಕ್ಷೆ,
ವಾಮಂಜೂರು ಗುಡ್ಡದ ಇಗರ್ಜಿಯ ಮಾಡು,
ಕೊಯ್ದು ತೋರಿಸಿದ್ದು, ಬಂಗುಡೆಯ ಹೊಟ್ಟೆಯ ಹಾಗೆ.
ಮಾಡಿನ ಅಂಚಿನಲ್ಲಿ ಬೆರಳಗಲ ಒಂದು ತೋಡು.
ಪಕ್ಕದಲ್ಲಿ ಲಸ್ರಾದೊರ ಸಣ್ಣ ಕೈಬರಹ:
ನೀರಿಗೆ ದಾರಿ. ಮುಚ್ಚಬಾರದು.

ಇಪ್ಪತ್ತಾರು ಮಳೆಗಾಲ ಆ ಮಾಡು ಹತ್ತಿದ್ದೇನೆ.
ತೋಡಿಲ್ಲ ಅಲ್ಲಿ.
ಪ್ರತಿ ಸಲವೂ ಡಾಮರು ಮೆತ್ತುತ್ತಾ ಬೈದಿದ್ದೇನೆ:
ನಕ್ಷೆ ಬರೆಯುವವನಿಗೆ ಆಟಿಯ ಮಳೆ ಗೊತ್ತುಂಟಾ?

ಎಪ್ಪತ್ತೆಂಟು, ಮೇ ತಿಂಗಳ ಕೊನೆ.
ಮೋಡ ಪಣಂಬೂರಿನ ಮೇಲೆ ಬಂದು ನಿಂತಿತ್ತು.
ತಲೆಯ ಮೇಲೆ ಬಾಂಡ್ಲಿ, ನನಗೆ ಹದಿಮೂರು.
ಸೇಸಪ್ಪ ಮೇಸ್ತ್ರಿ ಹಲಗೆಯ ಮೇಲಿಂದ ಕೂಗಿದ್ದು:
‘ಆ ಸಂದು ಎಂತಕ್ಕೆ? ತುಂಬಿಸಿ ಬಿಡು,
ಮಳೆ ಬೀಳುವ ಮೊದಲು ಮುಗಿಯಲಿ.’
ತುಂಬಿಸಿದೆ. ಕರಣೆಯ ಹಿಂಬದಿಯಿಂದ ಸವರಿ
ನುಣುಪು ಮಾಡಿದೆ. ಶಹಭಾಸ್ ಎಂದರು ಮೇಸ್ತ್ರಿ,
ಗೋಳಿಬಜೆ ತೆಗೆಸಿಕೊಟ್ಟರು.

ಮುಚ್ಚಿದ್ದು ಈ ಕೈ.
ಮೂರು ಮಕ್ಕಳ ಫೀಸು, ಸ್ಕೂಟರು, ಈ ಮೇಜು
ಅಲ್ಲಿಂದಲೇ ಸೋರಿ ಬಂದದ್ದು.

ನಕ್ಷೆಯನ್ನು ಅದರ ಮಡಿಕೆಯಲ್ಲೇ ಮಡಿಸಿ ಜೇಬಿಗೆ ಹಾಕಿ
ಉಳಿಯ ಬಾಯಿಯನ್ನು ಕಲ್ಲಿಗೆ ತಿಕ್ಕುತ್ತಾ ಕೂತೆ.
ನಾಳೆ ವಾಮಂಜೂರು. ಬಿಲ್ಲು ಇಲ್ಲ.
ಐಸಮ್ಮ ಮೀನು ತೊಳೆಯುತ್ತಾ ಕೇಳಿದಳು:
‘ಅದೂ ಸರಿಯಾದರೆ ಬರುವ ವರ್ಷ ಅನ್ನಕ್ಕೆ ಎಂತ?’

ಉರ್ವದಲ್ಲಿ ಆ ಹನ್ನೆರಡು ಮಾಳಿಗೆ ಉಂಟಲ್ಲ, ಎಂದೆ.
ಹೊಸತು. ಮೂರನೇ ಮಳೆಗೆ ಕರೆದಾರು.